ಬೀಗದ ಕೈ ನನ್ನಲ್ಲಿದ್ದ ಐದು ತಿಂಗಳು

ನನಗೆ ಕಾರು ಓಡಿಸಲು ಬರುವುದಿಲ್ಲ. ಒಮಾನಿಗೆ ಬಂದ ಹೊಸತರಲ್ಲಿ ಲೈಸನ್ಸಿಗೆಂದು ಹೋಗಿದ್ದೆ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವ ಪರೀಕ್ಷೆಯಲ್ಲಿ ಮೂರು ಸಲವೂ ಡ್ರಮ್ಮು ಬೀಳಿಸಿದೆ. ಮೂರನೆಯ ಸಲ ಪೊಲೀಸಿನವನು ಮಾತಾಡದೆ ಹೋಗಿ ತಾನೇ ಡ್ರಮ್ಮನ್ನು ಎತ್ತಿಟ್ಟು, ನನ್ನ ಕಡೆ ತಿರುಗಿ "ಖಲಾಸ್" ಅಂದ. ಅಲ್ಲಿಗೆ ಆ ಆಸೆ ಖಲಾಸ್.

ಕಾರಿಲ್ಲದವರಿಗೆ ಮಸ್ಕತ್ತು ಕಷ್ಟದ ಊರು. ಎಷ್ಟೋ ಬಡಾವಣೆಗಳಲ್ಲಿ ಒಂದು ಪ್ಯಾಕೆಟ್ ಹಾಲು ತರಬೇಕಾದರೂ ಗಂಡನ ಮುಖ ನೋಡಬೇಕು. ನಾನು ಯಾರ ಮುಖವನ್ನೂ ನೋಡದೆ ಹದಿನಾಲ್ಕು ವರ್ಷ ಬದುಕಿದ್ದು ಮಸ್ಕತ್ತಿನ ಹಳೆಯ ಬಂದರು ಪೇಟೆ ಮತ್ರಾದ ಒಂದು ಓಣಿಯಲ್ಲಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟೇ ಅಗಲ. ಕೆತ್ತನೆಯ ಬಾಗಿಲಿನ ಹಳೆಯ ಮನೆ, ಮಹಡಿಯಲ್ಲಿ ನಾವು ಬಾಡಿಗೆಗೆ. ನಲವತ್ತು ಹೆಜ್ಜೆಗೆ ರೊಟ್ಟಿಯ ಒಲೆ, ಹತ್ತು ನಿಮಿಷಕ್ಕೆ ಮೀನು ಮಾರ್ಕೆಟ್, ಸಮುದ್ರದ ದಂಡೆಯಲ್ಲಿ ರುವಿಗೆ ಹೋಗುವ ಬಸ್ಸು. ನನ್ನ ಆಫೀಸೂ ಇಗರ್ಜಿಯೂ ರುವಿಯಲ್ಲೇ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಇಲ್ಲವೇ ಸಂಜೆಯ ನಮಾಜಿನ ನಂತರ ಮಾತ್ರ ನಡಿಗೆ. ನಡುವೆ ಹೊರಟರೆ ಬಂಗುಡೆ ಹುರಿದ ಹಾಗೆ ಆಗುತ್ತೇವೆ.

ಆ ಓಣಿಯ ಒಂದು ಪದ್ಧತಿ ಹೇಳಬೇಕು. ಬಾಗಿಲು ಬಡಿದರೆ ಒಳಗಿನಿಂದ "ಯಾರು?" ಎಂದು ಅರಬಿಯಲ್ಲಿ ಕೇಳುತ್ತಾರೆ. ಹೊರಗಿದ್ದವರು ಹೆಸರು ಹೇಳುವುದಿಲ್ಲ. "ನೆರೆಯವಳು" ಎನ್ನುತ್ತಾರೆ. ಅಷ್ಟಕ್ಕೇ ಬಾಗಿಲು ತೆರೆಯುತ್ತದೆ. ಇದು ಗೊತ್ತಿಲ್ಲದ ಮೊದಲ ವರ್ಷ ನಾನು ನನ್ನ ಹೆಸರು, ಗಂಡನ ಹೆಸರು, ಕೊನೆಗೆ ಕಂಪನಿಯ ಹೆಸರನ್ನೂ ಹೇಳಿ ಓಣಿಗೆಲ್ಲ ನಗೆಪಾಟಲಾಗಿದ್ದೆ.

ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡತಿ ಇದ್ದಳು. ನಾನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಮತ್ರಾದ ಹಳಬರಲ್ಲಿ ಹಲವರಂತೆ ಅವಳಿಗೂ ಹಿಂದಿ ಬರುತ್ತಿತ್ತು. ನಮ್ಮ ಹದಿನಾಲ್ಕು ವರ್ಷದ ಸ್ನೇಹ ಆ ಹರಕು ಹಿಂದಿಯಲ್ಲೇ ನಡೆಯಿತು. ಮಗ ಊರಾಚೆ ದೊಡ್ಡ ಮನೆ ಕಟ್ಟಿಸಿ ಅವಳನ್ನು ಕರೆದುಕೊಂಡು ಹೋದ ಮೇಲೆ ಕೆಳಗಿನ ಅಂತಸ್ತಿಗೆ ಬೀಗ ಬಿತ್ತು. ಆರು ವರ್ಷವಾದ ಮೇಲೆ ಆ ಮಗನೇ ಮನೆ ಮಾರುವುದೆಂದು ನಿಶ್ಚಯಿಸಿದ.

ಕೊಳ್ಳಲು ನನಗೆ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಭಾಗದಲ್ಲಿ ಪರದೇಶದವರು ಮನೆ ಕೊಳ್ಳುವ ಹಾಗಿಲ್ಲ. ಹಾಗಾಗಿ ಮನೆ ಮಾರಾಟವಾಯಿತೆಂದರೆ ನಾವು ಹೊರಗೆ. ಇದು ಗೊತ್ತಿದ್ದೂ ಖಾಲಾ ಒಂದು ದಿನ ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಳು. "ನೋಡಲು ಬಂದವರಿಗೆ ನೀನೇ ತೋರಿಸು. ಈ ಮನೆ ನಿನಗೆ ಗೊತ್ತಿದ್ದಷ್ಟು ನನ್ನ ಮಗನಿಗೆ ಗೊತ್ತಿಲ್ಲ" ಅಂದಳು. ಕುರಿ ಕಾಯಲು ತೋಳವನ್ನು ನೇಮಿಸಿದ ಹಾಗೆ ಆಯಿತು.

ಮೊದಲು ಬಂದವನಿಗೆ ಮನೆಯನ್ನು ಕಾಫಿ ಅಂಗಡಿ ಮಾಡುವ ಯೋಚನೆ. ಅವನಿಗೆ ಬೈಠಕ್ಕಿನ ಕೋಣೆಯ ತೇವದ ಗೋಡೆ ತೋರಿಸಿದೆ. ಎರಡನೆಯವರಿಗೆ, ಮಳೆ ಬಂದರೆ ಗುಡ್ಡದ ನೀರು ಸೂಕ್ ಪೇಟೆಯ ಓಣಿಗಳಲ್ಲಿ ಮೊಣಕಾಲೆತ್ತರ ಹರಿಯುತ್ತದೆ ಎಂದೆ. ಮೂರನೆಯವರಿಗೆ ದೊಡ್ಡ ಗಾಡಿ ಇತ್ತು. ಅದನ್ನು ಎಲ್ಲಿ ನಿಲ್ಲಿಸಿ ಎಷ್ಟು ನಡೆಯಬೇಕೆಂದು ಬಿಸಿಲಿನಲ್ಲಿ ನಡೆಸಿಯೇ ತೋರಿಸಿದೆ. ಒಂದೂ ಸುಳ್ಳು ಹೇಳಲಿಲ್ಲ. ಸತ್ಯವನ್ನೇ ಆರಿಸಿ ಆರಿಸಿ ಹೇಳಿದೆ.

"ಎಂತ ಮಾರಾಯ್ತಿ, ನೀನು ಮನೆ ತೋರಿಸುವುದಾ, ಜನ ಓಡಿಸುವುದಾ?" ಎಂದ ಗಂಡ. ಅವನಿಗೆ ಇನ್ನೊಂದು ಬಡಾವಣೆಯಾದ ವಾದಿ ಅದಾಯ್‌ನಲ್ಲಿ ಎಸಿ ರಿಪೇರಿಯ ಕೆಲಸ. ವರ್ಕ್‌ಶಾಪಿನ ಹತ್ತಿರವೇ ಒಂದು ಫ್ಲ್ಯಾಟು ನೋಡಿಟ್ಟಿದ್ದ. "ಲಿಫ್ಟ್ ಉಂಟು, ಪಾರ್ಕಿಂಗ್ ಉಂಟು."

"ಪಾರ್ಕಿಂಗ್ ನನಗೆಂತಕ್ಕೆ? ಡ್ರಮ್ಮು ಇಡ್ಲಿಕ್ಕಾ?" ಎಂದೆ.

ಅವನು ನಕ್ಕ. ನನಗೆ ಮಾತ್ರ ಒಳಗೊಳಗೆ ಚುಚ್ಚುತ್ತಿತ್ತು. ನಂಬಿ ಬೀಗದ ಕೈ ಕೊಟ್ಟವಳಿಗೆ ಮಾಡುವ ಮೋಸವಲ್ಲವೇ ಇದು? ಇಗರ್ಜಿಯಲ್ಲಿ ಪಾಪನಿವೇದನೆಯ ಸಾಲಿನಲ್ಲಿ ನಿಂತಾಗ ಹೇಳಬೇಕೆಂದುಕೊಂಡಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಅದನ್ನು ಹೇಳದಿದ್ದರೂ ನಡೆಯುವ ಪಾಪಗಳ ಗುಂಪಿಗೆ ಸೇರಿಸಿಬಿಟ್ಟೆ.

ನಾಲ್ಕು ತಿಂಗಳಾದ ಮೇಲೆ ಒಬ್ಬಳು ಒಮಾನಿ ಶಾಲಾ ಶಿಕ್ಷಕಿ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಖಸಬ್ ಕಡೆಯವಳು, ಕೈಯಲ್ಲಿ ಕೋಲು. ಗಂಡ ತೀರಿಕೊಂಡು ವರ್ಷವಾಗಿತ್ತಂತೆ. ಅವಳ ಅರಬಿಯನ್ನು ಮಗಳು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನು ರೂಢಿಯಂತೆ ತೇವದ ಗೋಡೆಯಿಂದ ಶುರು ಮಾಡಿದೆ. ಮುದುಕಿ ಕೈ ಬೀಸಿ ನನ್ನನ್ನು ಸುಮ್ಮನಾಗಿಸಿದಳು.

"ಗೋಡೆಗೆ ಮೇಸ್ತ್ರಿ ಇದ್ದಾನೆ. ನನಗೆ ಒಂದು ವಿಷಯ ಹೇಳು. ಬೆಳಿಗ್ಗೆ ನಾನು ಈ ಬಾಗಿಲು ತೆರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ?"

ಆರಿಸಿ ಹೇಳಲು ಅಲ್ಲಿ ಏನೂ ಇರಲಿಲ್ಲ. ಒಮ್ಮೆ ಗಂಡ ಕೆಲಸದ ಮೇಲೆ ಬುರೈಮಿಗೆ ಹೋಗಿದ್ದಾಗ ನನಗೆ ಜ್ವರ ಬಂದಿತ್ತು. ಬೆಳಿಗ್ಗೆ ಕಿಟಕಿ ತೆರೆದಿರಲಿಲ್ಲ, ಅಷ್ಟೇ. ಒಂಬತ್ತು ಗಂಟೆಯೊಳಗೆ ಮೂರು ಮನೆಯವರು ಬಂದು ಬಾಗಿಲು ಬಡಿದಿದ್ದರು. ಒಬ್ಬಳು ಗಂಜಿಯಂಥದ್ದೇನೋ ತಂದು ನನ್ನೆದುರು ಕೂತು ಕೊನೆಯ ಚಮಚದವರೆಗೂ ತಿನ್ನಿಸಿ ಹೋಗಿದ್ದಳು. ನನ್ನ ಸ್ವಂತ ಅಮ್ಮ ಕೂಡ ಅಷ್ಟು ಜಬರ್ದಸ್ತಿ ಮಾಡಿದವಳಲ್ಲ.

"ಎಲ್ಲರಿಗೂ ಗೊತ್ತಾಗುತ್ತದೆ," ಎಂದೆ. "ಬನ್ನಿ, ತೋರಿಸುತ್ತೇನೆ."

ಅಂದು ನಾನು ಮನೆ ತೋರಿಸಲಿಲ್ಲ, ಓಣಿ ತೋರಿಸಿದೆ. ಜ್ವರದ ದಿನ ಬಂದವರ ಮೂರು ಬಾಗಿಲುಗಳನ್ನೂ ಬಡಿದು ಪರಿಚಯ ಮಾಡಿಸಿದೆ. ಎರಡು ಮನೆಯಲ್ಲಿ ಕಹ್ವಾ ಕಾಫಿ ಕುಡಿಸದೆ ಬಿಡಲಿಲ್ಲ. ರೊಟ್ಟಿಯವನು ಬಿಸಿ ರೊಟ್ಟಿಯೊಂದನ್ನು ಮುದುಕಿಯ ಕೈಗಿಟ್ಟ. ಅವಳು ಅದನ್ನು ಅಬಾಯದ ಕರಿ ನಿಲುವಂಗಿಯೊಳಗೆ ಎದೆಗವಚಿಕೊಂಡು ನಡೆದಳು. ಸಮುದ್ರದ ದಂಡೆಯ ಬೆಂಚಿನಲ್ಲಿ ಕೂತು ಮೂವರೂ ಹರಿದು ತಿಂದೆವು. ತಂದೆ ಹೋದ ಮೇಲೆ ಅಮ್ಮ ಇಷ್ಟು ದೂರ ನಡೆದದ್ದು ಇದೇ ಮೊದಲು ಎಂದಳು ಮಗಳು. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ನನ್ನ ಮನೆ ಕೈ ತಪ್ಪಿದ್ದು ಆ ಬೆಂಚಿನ ಮೇಲೇ.

ಒಂದೇ ತಿಂಗಳಲ್ಲಿ ಕಾಗದಪತ್ರವೆಲ್ಲ ಮುಗಿಯಿತು. ಕೆಳಗೆ ತಾಯಿ, ಮಹಡಿಯಲ್ಲಿ ಮಗಳ ಸಂಸಾರ ಎಂದು ನಿಶ್ಚಯವಾಯಿತು. ಬೀಗದ ಕೈ ಒಪ್ಪಿಸುವ ದಿನ ಖಾಲಾ ಬಂದಳು. ಕಾರು ಓಣಿಯ ಬಾಯಲ್ಲೇ ನಿಂತಿತು. ಅಲ್ಲಿಂದ ನನ್ನ ತೋಳು ಹಿಡಿದು ನಡೆದಳು. ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಖಾಲಾ, ಮೊದಲು ಬಂದವರನ್ನೆಲ್ಲ ಓಡಿಸಿದ್ದು ನಾನೇ."

"ಗೊತ್ತು. ಎಲ್ಲರೂ ನನ್ನ ಮಗನಿಗೆ ಫೋನು ಮಾಡಿ ದೂರಿದ್ದಾರೆ." ಗೋಡೆಗೆ ಒರಗಿ ಉಸಿರು ತೆಗೆದುಕೊಂಡಳು. "ಬೀಗದ ಕೈ ನಿನಗೆ ಯಾಕೆ ಕೊಟ್ಟೆ ಅಂದುಕೊಂಡೆ? ಏಜೆಂಟನಿಗೆ ಕೊಟ್ಟಿದ್ದರೆ ವಾರದಲ್ಲಿ ಮಾರಿಬಿಡುತ್ತಿದ್ದ."

ಐದು ತಿಂಗಳು ನಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದೆ.

"ಮತ್ತೆ ಇವರನ್ನು ಯಾಕೆ ಓಡಿಸಲಿಲ್ಲ?" ಎಂದು ಕೇಳಿದಳು.

ಮುದುಕಿಯ ಪ್ರಶ್ನೆಯನ್ನು ಹೇಳಿದೆ. ಖಾಲಾ ಗೋಡೆ ಬಿಟ್ಟು ಮತ್ತೆ ಎರಡು ಹೆಜ್ಜೆ ನಡೆದಳು. ಆಮೇಲೆ, "ನನ್ನ ಮಗ ಒಳ್ಳೆಯವನು. ಮನೆಯಲ್ಲಿ ಎಂಟು ಕೋಣೆ ಇದೆ, ಗೇಟಿಗೆ ಗಂಟೆ ಇದೆ. ಆರು ವರ್ಷದಲ್ಲಿ ನನ್ನನ್ನು ಕೇಳಿಕೊಂಡು ಯಾರೂ ಆ ಗಂಟೆ ಒತ್ತಿಲ್ಲ," ಅಂದಳು. ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಈಗ ನಾವು ವಾದಿ ಅದಾಯ್‌ನಲ್ಲಿದ್ದೇವೆ. ಲಿಫ್ಟಿನಲ್ಲಿ ಎಲ್ಲರೂ ಅಂತಸ್ತಿನ ನಂಬರು ನೋಡುತ್ತಾ ನಿಲ್ಲುತ್ತಾರೆ. ನಾನೇ ನಾಲ್ಕು ಮನೆಯ ಬಾಗಿಲು ಬಡಿದು ಪರಿಚಯ ಮಾಡಿಕೊಂಡೆ. ಒಂದು ಮನೆಯವರು ನಾನು ಏನೋ ಮಾರಲು ಬಂದವಳೆಂದು ತಿಳಿದರು. ಗಂಡ ಪಾಪ, ಎಲ್ಲಿಗೆ ಹೇಳಿದರೂ ಕಾರು ತೆಗೆಯುತ್ತಾನೆ.

ಮನೆ ಬಿಟ್ಟ ಮೇಲಿನ ಮೊದಲ ಶುಕ್ರವಾರ, ಇಲ್ಲಿ ರಜೆಯೂ ಪೂಜೆಯೂ ಅಂದೇ, ಇಗರ್ಜಿ ಮುಗಿಸಿ ಅವನಿಗೆ ಹೇಳದೆ ಮತ್ರಾ ಬಸ್ಸು ಹತ್ತಿದೆ. ನಲವತ್ತು ಹೆಜ್ಜೆ ದೂರದಲ್ಲಿ ಎರಡು ರೊಟ್ಟಿ ಕೊಂಡೆ. ಕೆತ್ತನೆಯ ಬಾಗಿಲಿನ ಮುಂದೆ ನಿಂತಾಗ ನಾಚಿಕೆಯಾಯಿತು. ಬೀಗದ ಕೈ ನನ್ನದಲ್ಲ, ಬಾಡಿಗೆ ಚೀಟಿಯೂ ಇಲ್ಲ, ಕರೆದವರೂ ಇಲ್ಲ. ಆದರೂ ಬಡಿದೆ. ಒಳಗೆ ಕೋಲಿನ ಸದ್ದು ನಿಧಾನವಾಗಿ ಹತ್ತಿರ ಬಂತು.

"ಯಾರು?" ಎಂದು ಮುದುಕಿ ಕೇಳಿದಳು.

"ನೆರೆಯವಳು," ಎಂದೆ.

ಚಿಲಕ ತೆಗೆದಳು.