ನಾಲ್ಕನೇ ‘ಆಮೇಲೆ?’
ದೇಶದ ಭದ್ರತೆಯ ಹೊಣೆ ಹೊತ್ತ ಸಾಹೇಬರಿಗೆ ಕಚೇರಿಯವರು ಇಟ್ಟಿರುವ ಅಡ್ಡಹೆಸರು ‘ಆಮೇಲೆ’. ಸೇನಾಧಿಕಾರಿಯೊಬ್ಬ ಗೋಡೆಯ ನಕ್ಷೆಗೆ ಕೋಲು ಊರಿ, “ಸರ್, ಈ ಕಡೆಯಿಂದ ನುಗ್ತೀವಿ” ಅಂದರೆ, ಇವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ತಣ್ಣಗೆ “ಆಮೇಲೆ?” ಅನ್ನುತ್ತಾರೆ. ನಾಲ್ಕನೇ ‘ಆಮೇಲೆ’ ಬರುವಷ್ಟರಲ್ಲಿ ಎಂಥ ಗಂಡೆದೆಯ ಯೋಜನೆಯೂ ಬೆವರೊರೆಸಿಕೊಂಡು ಕಡತದೊಳಗೆ ಮಲಗಿಬಿಡುತ್ತದೆ. ಮನೆಯಲ್ಲೂ ಇದೇ ಗೋಳು, “ಮದುವೆಗೆ ಒಪ್ಪಿದೀನಿ ಅಂದಾಗ್ಲೂ ‘ಆಮೇಲೆ?’ ಅಂದಿದ್ರು ಪುಣ್ಯಾತ್ಮ” ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಬೆಳಗ್ಗೆ ಪತ್ರಿಕೆಯನ್ನೆಲ್ಲ ಜಾಲಾಡಿ, ಗಡಿಯ ಬಗ್ಗೆ ಒಂದು ಸಾಲೂ ಕಾಣದಿದ್ದರೆ, “ಇವತ್ತೂ ನಾವು ಸುದ್ದೀಲಿಲ್ಲ ಕಣೇ” ಎಂದು ಹೊಟ್ಟೆ ತುಂಬ ಉಂಡವರಂತೆ ಕುರ್ಚಿಗೆ ಒರಗುತ್ತಾರೆ. ಕಚೇರಿಯಲ್ಲಿ ಅವರ ಕೋಣೆಯ ಆ ಗೋಡೆ ನಕ್ಷೆಯಲ್ಲಿ ಗಡಿಯುದ್ದಕ್ಕೂ ಪೆನ್ಸಿಲಿನ ಸಣ್ಣ ಚುಕ್ಕೆಗಳಿವೆ. ಮೊನ್ನೆ ಹೊಸದಾಗಿ ಬಂದ ಅಧಿಕಾರಿ ಅವನ್ನು ಫಿರಂಗಿ ಠಾಣೆಗಳೆಂದುಕೊಂಡು ಹುರುಪಿನಿಂದ ವಿವರಿಸತೊಡಗಿದಾಗ, ಸಾಹೇಬರು ಮೆಲ್ಲಗೆ ತಡೆದರು: “ಅವು ಶಾಲೆಗಳಪ್ಪ. ಮಕ್ಕಳನ್ನ ಮನೆಗೆ ಬಿಡೋ ಹೊತ್ತೂ ಪಕ್ಕದಲ್ಲೇ ಬರ್ದಿದೀನಿ, ನೋಡು.” ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ ನೋಡಿದ. ಗಡಿಯಾಚೆಯ ಚುಕ್ಕೆಗಳ ಪಕ್ಕದಲ್ಲೂ ಹೊತ್ತು ಬರೆದಿತ್ತು.