ಯಶೋಧರಾಳ ಇಬ್ಬರು ಅವ್ವಂದಿರು

ಕೆ.ಆರ್. ಪೇಟೆಯಿಂದ ನಾಗಮಂಗಲದ ಮೇಲೆ ಬೆಳ್ಳೂರು ಕ್ರಾಸಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಯಶೋಧರಾ ಕಂಡಕ್ಟರು. ನಲವತ್ತು ದಾಟಿದ ಹೆಂಗಸು, ಗಟ್ಟಿ ದನಿ. ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರನ್ನು ಒಂದೇ ಮಾತಿಗೆ ಒಳಗೆ ಕಳಿಸುತ್ತಾಳೆ, ಮುದುಕಿಯರ ಸೊಪ್ಪಿನ ಗಂಟನ್ನು ತಾನೇ ಎತ್ತಿಡುತ್ತಾಳೆ. ಬಸ್ಸಿನಲ್ಲಿ ಇಷ್ಟು ಸಲೀಸಾಗಿರುವವಳು ತವರಿಗೆ ಹೋದರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದಳು.

ತವರು ಸಂತೆಬಾಚಹಳ್ಳಿಯ ಪಕ್ಕದ ಹಳ್ಳಿ. ಅಲ್ಲಿ ತಾಯಿ ಪುಟ್ಟಗೌರಮ್ಮ, ತಮ್ಮ ನಿಂಗರಾಜುವಿನ ಸಂಸಾರದ ಜೊತೆ ಇದ್ದಾಳೆ. "ಏನೇ, ಇಂಗ್ ಇಳ್ದೋಗಿದ್ದೀಯ, ಉಣ್ಣಾಕಿಲ್ವಾ?" ಎಂದು ತಾಯಿ ಕೇಳಿದರೂ ಸಾಕು, ಮಗಳ ಮೈ ಉರಿಯುತ್ತಿತ್ತು. ಗೌರಿ ಹಬ್ಬಕ್ಕೆಂದು ಬೆಳಿಗ್ಗೆ ಹೋದವಳು ಸಂಜೆಯೊಳಗೆ ಜಗಳವಾಡಿಕೊಂಡು ವಾಪಸ್ಸು ಬಸ್ಸು ಹತ್ತುತ್ತಿದ್ದಳು.

ಆ ಉರಿಗೆ ಕಾರಣ ಹಳೆಯದು. ಯಶೋಧರಾಳ ಅಪ್ಪ ನಂಜಪ್ಪನಿಗೆ ಇಬ್ಬರು ಹೆಂಡಿರು. ಮೊದಲನೆಯವಳು ಕುಳ್ಳಮ್ಮ. ಅವಳಿಗೆ ಮಕ್ಕಳಾಗಲಿಲ್ಲವೆಂದು ಪುಟ್ಟಗೌರಮ್ಮನನ್ನು ತಂದರು. ಹೆತ್ತವಳು ಪುಟ್ಟಗೌರಮ್ಮನಾದರೂ ಎಣ್ಣೆ ಹಚ್ಚಿ ಎರೆದದ್ದು, ತಲೆ ಬಾಚಿದ್ದು, ತುತ್ತಿಟ್ಟದ್ದು ಎಲ್ಲ ಕುಳ್ಳಮ್ಮನೇ. ಮಗುವಿಗೆ ಅವಳು ದೊಡ್ಡವ್ವ. ದೊಡ್ಡವ್ವನ ಸೆರಗು ಹಿಡಿಯದೆ ಅದು ಹಟ್ಟಿಯ ಬಾಗಿಲು ದಾಟುತ್ತಿರಲಿಲ್ಲ.

ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದರೆ ದೊಡ್ಡವ್ವನೂ ಇಲ್ಲ, ಅವಳ ತಗಡಿನ ಪೆಟ್ಟಿಗೆಯೂ ಇಲ್ಲ.

"ಓದ್ಲು. ಇನ್ನ ಬರಾಕಿಲ್ಲ. ಬಾ, ಉಣ್ಣು," ಎಂದಳು ತಾಯಿ. ಅಷ್ಟೇ.

ತಾಯಿಯೇ ದೊಡ್ಡವ್ವನನ್ನು ಓಡಿಸಿದಳು ಎಂದು ಹುಡುಗಿ ಅಂದೇ ತೀರ್ಮಾನಿಸಿದಳು. ಮುಂದೆ ಅವಳ ಮದುವೆಗೆ ಕುಳ್ಳಮ್ಮ ಬಂದು ಅಕ್ಷತೆ ಹಾಕಿ ಊಟಕ್ಕೂ ನಿಲ್ಲದೆ ಹೋದಳು. ನಂಜಪ್ಪ ತೀರಿಕೊಂಡಾಗಲೂ ಬಂದು ಒಂದು ಮೂಲೆಯಲ್ಲಿ ಕೂತಿದ್ದಳು. ಹೇಳದೆ ಬಿಟ್ಟುಹೋದವಳ ಮೇಲೂ ಯಶೋಧರಾಳಿಗೆ ಮುನಿಸಿತ್ತು, ಮಾತಾಡಿಸಲಿಲ್ಲ. ಆದರೆ ದೊಡ್ಡ ಪಾಲಿನ ಕೋಪ ತಾಯಿಗೇ ಮೀಸಲು.

ಹೋದ ವರ್ಷ ಡಿಪೋದಲ್ಲಿ ಟೀ ಕುಡಿಯುವಾಗ, ಮೈಸೂರು ರೂಟಿನ ಕಂಡಕ್ಟರು ವೀಣ ಮಾತಿಗೆ ಮಾತು ಬಂದು ಕೇಳಿದಳು: "ಯಶೋಧಕ್ಕ, ಬಾಬುರಾಯನಕೊಪ್ಪಲಲ್ಲಿ ನಿಮ್ಗೆ ನೆಂಟ್ರವ್ರಾ? ನಿಮ್ಮವ್ವ ಗುರುವಾರ ಗುರುವಾರ ನಮ್ ಬಸ್ಸಲ್ಲೇ ಓಯ್ತಾರಲ್ಲ."

ಬಾಬುರಾಯನಕೊಪ್ಪಲು ಕುಳ್ಳಮ್ಮನ ತವರು. ಯಶೋಧರಾಳ ಕೈಯಲ್ಲಿದ್ದ ಟೀ ಆರಿಹೋಯಿತು.

ಮುಂದಿನ ಗುರುವಾರ ರಜೆ ಹಾಕಿ ಅವಳೂ ಹೊರಟಳು. ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಆಡಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಆಡಿ ಮುಗಿಸಿದ್ದಳು. ಆದರೆ ಹೆಂಚಿನ ಆ ಮನೆಯ ಜಗಲಿ ಕಂಡಾಗ ಒಂದೂ ನೆನಪಿಗೆ ಬರಲಿಲ್ಲ. ಜಗಲಿಯ ಮೇಲೆ ಇಬ್ಬರು ಅವ್ವಂದಿರೂ ಎದುರುಬದುರು ಕಾಲು ಚಾಚಿಕೊಂಡು, ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಏನೋ ಹೇಳಿಕೊಂಡು ನಗುತ್ತಿದ್ದರು. ತಾಯಿ ಹಾಗೆ ನಗುವುದನ್ನು ಅವಳು ನೋಡಿಯೇ ಇರಲಿಲ್ಲ.

ಪುಟ್ಟಗೌರಮ್ಮ ತಲೆಯೆತ್ತಿದವಳೇ, "ಡೂಟಿ ಇರ್ನಿಲ್ವಾ?" ಎಂದಳು.

"ಬಾ ಮಗಾ, ಕೂತ್ಕೊ," ಎಂದು ಕುಳ್ಳಮ್ಮ ಮೊರ ಸರಿಸಿ ಜಾಗ ಮಾಡಿದಳು.

ಯಶೋಧರಾ ಕೂರಲಿಲ್ಲ. "ದೊಡ್ಡವ್ವನ್ನ ನೀನೇ ಓಡ್ಸಿದ್ದು ಅಂದ್ಕಂಡಿದ್ನಲ್ಲವ್ವ ನಾನು!" ಎಂದಳು.

"ನನ್ನ ಓಡ್ಸಾಕೆ ಇವ್ಳ ಕೈಲಾದದಾ?" ಎಂದು ಕುಳ್ಳಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನಾನೇ ಬಂದ್ಬುಟ್ಟೆ ಕಣವ್ವ. ನಿಮ್ಮಪ್ಪ ಒಬ್ಬಳ ಕುಟೆ ನಕ್ಕರೆ ಇನ್ನೊಬ್ಬಳಿಗೆ ಉರಿ. ನಾವಿಬ್ರೂ ಕೆಟ್ಟೋರಲ್ಲ, ಒಂದೇ ಒಲೆ ಮುಂದೆ ಇದ್ದು ಕೆಟ್ಟೋಯ್ತಿದ್ವಿ. ನಿಂಗೆ ಜ್ವರ ಬಂದ್ರೆ ನನ್ ಮಗ್ಗುಲಿಗೇ ಬರೀಯೆ. ನಿನ್ನ ಎತ್ತೋಳು ಇವ್ಳು, ಬಾಗಿಲಲ್ಲಿ ನಿಂತ್ಕಂಡು ನೋಡೋಳು. ಅದ್ನ ನೋಡಿ ನೋಡಿ ನನ್ಗೆ ಸಾಕಾಯ್ತು."

"ನನ್ಗೊಂದ್ ಮಾತು ಯೋಳ್ಬಾರ್ದಿತ್ತಾ?"

"ಯೋಳಿದ್ರೆ ನೀನು ಸೆರಗು ಬುಡ್ತಿರ್ನಿಲ್ಲ. ನಾನು ಬತ್ತಿರ್ನಿಲ್ಲ."

ಯಶೋಧರಾ ತಾಯಿಯ ಕಡೆ ತಿರುಗಿದಳು. "ನೀನಾದ್ರೂ ಯೋಳ್ಬೋದಿತ್ತಲ್ಲ?"

ಪುಟ್ಟಗೌರಮ್ಮ ಅವರೆಕಾಳಿನಿಂದ ಕಣ್ಣೆತ್ತಲಿಲ್ಲ. "ಯೋಳಿದ್ರೆ ಇವ್ಳೇ ಬುಟ್ಟೋದ್ಲು ಅಂತ ನೀನು ಕೊರಗ್ತಿದ್ದೆ. ನನ್ ಮ್ಯಾಲೆ ಕ್ವಾಪ ಮಾಡ್ಕಂಡ್ರೆ ಮಾಡ್ಕಳ್ಳಿ ಬುಡು ಅಂದ್ಕಂಡೆ. ಅದೇನ್ ನನ್ಗೆ ಒಸ್ದಾ?"

ಯಾರೂ ಅಳಲಿಲ್ಲ, ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಶೋಧರಾ ಕೂತಳು, ಕೈ ಅವರೆಕಾಳಿಗೆ ಹೋಯಿತು. ನಂಜಪ್ಪ ಸತ್ತ ಮೇಲೆ ತಾಯಿಯೇ ಮೊದಲು ಹುಡುಕಿಕೊಂಡು ಬಂದಳಂತೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅದು ವಾರದ ರೂಢಿಯೇ ಆಯಿತಂತೆ. ಮುದ್ದೆ ಮತ್ತು ಹಿತಕಿದ ಬೇಳೆ ಸಾರು ಉಂಡು ಮೂವರೂ ಎದ್ದಾಗ ಬಿಸಿಲು ಇಳಿದಿತ್ತು.

ಮನೆಗೆ ಮರಳುವಾಗ ಯಶೋಧರಾಳಿಗೆ ಹಗುರವೆನಿಸಿತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ತನ್ನ ಒಳ್ಳೆಯದಕ್ಕೆಂದು ಇಬ್ಬರೂ ತನ್ನನ್ನು ಕತ್ತಲಲ್ಲಿಟ್ಟರಲ್ಲ ಎಂದು ಹಲವು ದಿನ ಕೋಪ ಬಂತು. ಆ ಕೋಪವನ್ನು ಗಂಡ ರಂಗಸ್ವಾಮಿಯ ಮುಂದೆ ಹೇಳಿಕೊಂಡಳು, ಒಮ್ಮೆ ತಾಯಿಗೂ ನೇರವಾಗಿ ಹೇಳಿದಳು. "ಆಯ್ತು, ತಪ್ಪಾಯ್ತು," ಎಂದಳು ಪುಟ್ಟಗೌರಮ್ಮ. ಆ ಬಾಯಿಂದ ಆ ಮಾತು ಬರಬಹುದೆಂದು ಮಗಳು ಎಣಿಸಿರಲಿಲ್ಲ.

ತಾಯಿಯ ನಾಲಿಗೆ ಈಗಲೂ ಮೊಂಡಾಗಿಲ್ಲ. ಯಶೋಧರಾಳೂ ಅದನ್ನು ತಿದ್ದುವ ಆಸೆ ಬಿಟ್ಟಿದ್ದಾಳೆ. ತವರಿಗೆ ಹೋದರೆ ಜಗಳ ಹತ್ತುವ ಮೊದಲೇ ಎದ್ದು ಬರುತ್ತಾಳೆ. "ಇಳ್ದೋಗಿದ್ದೀಯ" ಎಂದರೆ, "ಅಂಗಾರೆ ಇನ್ನೊಂದ್ ಮುದ್ದೆ ಆಕು" ಎನ್ನುತ್ತಾಳೆ. ತಾಯಿ ಹಾಕುತ್ತಾಳೆ. ರಜೆ ಸಿಕ್ಕ ಗುರುವಾರ ಅವಳೂ ಬಾಬುರಾಯನಕೊಪ್ಪಲಿಗೆ ಹೋಗುವುದುಂಟು.

ಈ ಸಂಕ್ರಾಂತಿಗೆ ಇಬ್ಬರನ್ನೂ ಪೇಟೆಯ ತನ್ನ ಮನೆಗೆ ಕರೆಸಿಕೊಂಡಿದ್ದಳು. ಸಿಹಿ ಪೊಂಗಲಿಗೆ ಬೆಲ್ಲ ಎಷ್ಟು ಎಂದು ಇಬ್ಬರಿಗೂ ವಾದ ಹತ್ತಿತು. "ನೀನೇ ಯೋಳು, ಯಾರ್ದು ಸರಿ?" ಎಂದು ಇಬ್ಬರೂ ಅವಳತ್ತ ತಿರುಗಿದರು.

"ನೀವೇ ತೀರ್ಮಾನ ಮಾಡ್ಕಳಿ. ನನ್ಗೆ ಡೂಟಿ ಅದೆ," ಎಂದು ಯಶೋಧರಾ ಖಾಕಿ ಅಂಗಿ ತೊಟ್ಟು ಚಪ್ಪಲಿ ಮೆಟ್ಟಿದಳು.

"ಉಣ್ಣದೇ ಓಯ್ತಾವ್ಳೆ ನೋಡು!" ಎಂದಳು ತಾಯಿ.

"ಉಂಡವ್ಳೆ ಕಣೆ, ನಾನೇ ಇಕ್ಕಿದ್ದು."

ಒಳಗೆ ಮತ್ತೆ ಶುರುವಾಯಿತು. ಯಶೋಧರಾ ನಗುತ್ತಾ ಬಸ್ ಸ್ಟ್ಯಾಂಡಿನ ಕಡೆ ನಡೆದಳು.