ಮಗುವಿನ ಅಂಗಾಲಿನ ಗೆರೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿ, ಬೆಳಿಗ್ಗೆಯಿಂದ ನಿನ್ನದೇ ನೆನಪು, ಏನೋ ಸಂಕಟ ಎಂದರೂ ಕಾಲೆಳೆಯುತ್ತಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನಗುವವರು ನಗಲಿ.

ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಮಾತು ಬಾರದ ಕೂಸುಗಳ ಉದ್ವೇಗ ಅಳೆಯುವ ಪಟ್ಟಿಯೊಂದನ್ನು ತಯಾರಿಸುತ್ತಿದ್ದೆವು. ಅಂಗಾಲಿಗೆ ಕಟ್ಟಿದರೆ ಅದು ಬೆವರನ್ನೂ ಎದೆಬಡಿತವನ್ನೂ ಓದಿ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆಯುತ್ತದೆ. ಮಗುವಿಗೆ ಗಾಬರಿಯೋ ಖುಷಿಯೋ ಆದರೆ ಗೆರೆ ಏರುತ್ತದೆ, ಸಮಾಧಾನವಾದರೆ ಇಳಿಯುತ್ತದೆ. ಪರೀಕ್ಷೆಗೆಂದು, ತಾಯಂದಿರ ಒಪ್ಪಿಗೆ ಪಡೆದು, ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಕ್ರೆಷ್‌ಗೆ ಎರಡು ವಾರ ಹೋಗಿದ್ದೆ.

ಅಲ್ಲಿ ಲಗ್ಗೆರೆಯ ಸವಿತಾಳ ಏಳು ತಿಂಗಳ ಮಗಳು ನನ್ನ ನೆಮ್ಮದಿ ಕೆಡಿಸಿದಳು. ಮಗು ತೊಟ್ಟಿಲಲ್ಲಿ ಗಾಢ ನಿದ್ದೆಯಲ್ಲಿರುವಾಗಲೇ ಗೆರೆ ಸರ್ರನೆ ಏರುತ್ತಿತ್ತು. ನಾಲ್ಕೈದು ನಿಮಿಷಕ್ಕೆ ಹಾಲೂಡಿಸಲು ಸವಿತಾ ಬಂದು ನಿಲ್ಲುತ್ತಿದ್ದಳು. ಅವಳು ಹೊಲಿಯುತ್ತಿದ್ದುದು ಅಂಗಳದಾಚೆಯ ಕಟ್ಟಡದ ಮೂರನೇ ಮಹಡಿಯಲ್ಲಿ.

“ಅವ್ವ ಎದ್ದು ಒಂಟವ್ಳೆ, ಅದ್ಕೇ” ಎಂದು ಆಯಾ ಗಂಗಮ್ಮ ಸಲೀಸಾಗಿ ಹೇಳಿಬಿಟ್ಟರು. ಬರೀ ಅಭ್ಯಾಸ ಎಂದೆ ನಾನು. ಆದರೆ ಸೂಪರ್‌ವೈಸರ್ ಅವಳನ್ನು ಬಿಡುತ್ತಿದ್ದುದು ಟಾರ್ಗೆಟ್ ನೋಡಿಕೊಂಡು, ಒಂದೊಂದು ದಿನ ಒಂದೊಂದು ಹೊತ್ತಿಗೆ. ಪಟ್ಟಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಅದೇ ಪಟ್ಟಿಯನ್ನು ಪಕ್ಕದ ತೊಟ್ಟಿಲ ಮಗುವಿಗೆ ಕಟ್ಟಿದರೆ ಗೆರೆ ಅಲುಗಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೆರೆ ಏರಿತು. ಐದು ನಿಮಿಷವಾಯಿತು, ಹತ್ತಾಯಿತು, ಸವಿತಾ ಬರಲಿಲ್ಲ. ಗೆರೆ ಇಳಿಯಲೂ ಇಲ್ಲ. ಇಂಟರ್‌ಕಾಮಿನಲ್ಲಿ ಸೂಪರ್‌ವೈಸರನ್ನು ಕೇಳಿದೆ.

“ಇವತ್ತಿನ್ನೂ ಬಿಟ್ಟಿಲ್ಲ ಮೇಡಂ, ಲೈನಲ್ಲೇ ಅವ್ಳೆ” ಎಂದ.

ಗಂಗಮ್ಮನ ಮಾತು ಸುಳ್ಳಾಯಿತಲ್ಲ ಎಂದು ನಾನು ಬೀಗಬೇಕಿತ್ತು. ಬದಲಿಗೆ ಇಳಿಯದ ಆ ಗೆರೆಯನ್ನೇ ಮತ್ತೆ ನೋಡಿದೆ. ಸೂಪರ್‌ವೈಸರ್ ಕಣ್ಣಾರೆ ನೋಡುವವನು, ನನ್ನ ಬಳಿ ಇದ್ದುದು ಒಂದು ಗೆರೆ. ಆದರೂ ಎದ್ದು ಓಡಿದೆ.

ಅವಳ ಕಟ್ಟಡದ ಮುಂಬದಿಯ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಹಿಂದಿನ ಮೆಟ್ಟಿಲ ಕೆಳಗೆ, ಬಟ್ಟೆ ಮೂಟೆಗಳ ಸಂದಿಯಲ್ಲಿ ಸವಿತಾ ಬಿದ್ದಿದ್ದಳು. ತಲೆ ಒಡೆದು ರಕ್ತ ಹರಿದಿತ್ತು, ಪ್ರಜ್ಞೆ ಇರಲಿಲ್ಲ. ಮೈ ಸರಿಯಿಲ್ಲದಿದ್ದರೂ ಸೂಪರ್‌ವೈಸರನ ಕಣ್ಣು ತಪ್ಪಿಸಿ, ಯಾರಿಗೂ ಹೇಳದೆ ಮಗುವಿನ ಬಳಿಗೆ ಹೊರಟವಳು ಕಣ್ಣು ಕತ್ತಲೆ ಬಂದು ಉರುಳಿದ್ದಳು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಇದಾಗಿ ಕೆಲವು ವರ್ಷಗಳಾದವು. ಮಗುವಿಗೆ ತಿಳಿದದ್ದು ಸದ್ದಿನಿಂದಲೋ, ವಾಸನೆಯಿಂದಲೋ, ನೆಲದ ಅದುರಿನಿಂದಲೋ ಎಂದು ಎಲ್ಲವನ್ನೂ ಹಾಕಿ ನೋಡಿದ್ದೇನೆ. ಯಾವುದೂ ಹೊಂದುವುದಿಲ್ಲ. ನಮ್ಮ ಪಟ್ಟಿ ತಪ್ಪು ಅಳೆಯಲಿಲ್ಲ, ಅದನ್ನು ಎದೆ ತಟ್ಟಿ ಹೇಳಬಲ್ಲೆ. ಅದು ಅಳೆದದ್ದು ಏನನ್ನು ಎಂಬುದು ಮಾತ್ರ ಇಂದಿಗೂ ಗೊತ್ತಿಲ್ಲ.

ಅವಳು ಬಿದ್ದ ಮರುದಿನ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ಸವಿತಾ ಕಣ್ಣು ಬಿಟ್ಟು ಕೇಳಿದಳು: “ನಾನ್ ಯಾರ್ಗೂ ಯೋಳ್ದೆ ಬಂದಿದ್ದೆ ಮೇಡಂ. ನಿಮ್ಗ್ ಯಾರ್ ಯೋಳಿದ್ರು?”

ಮಗಳನ್ನು ಅವಳ ಪಕ್ಕದಲ್ಲಿ ಮಲಗಿಸಿದೆ.